ಹೆದರದೆ ಹಡೆದ ಕಥೆ

ಮೊನ್ನೆ ಪಂಚಮಿ ಹಬ್ಬಕ್ಕೆಂದು ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿಂದ ನೀಲಿ ರಬ್ಬರಿನ ಮುದ್ದೆಯೊಂದು ಕೆಳಗೆ ಬಿತ್ತು. ಟ್ರ್ಯಾಕ್ಟರಿನ ಹಳೆಯ ಟ್ಯೂಬು ಇರಬೇಕೆಂದು ಹೊರಗೆಸೆಯಲು ಹೋದವಳು ಬಿಡಿಸಿ ನೋಡಿದೆ. ನನ್ನ ಚೆಂಡು. ಗಾಳಿ ತುಂಬಿದರೆ ನೀರೊಲೆಯ ಹಂಡೆಗಿಂತ ದೊಡ್ಡದಾಗುತ್ತದೆ. ಅದನ್ನು ಎದೆಗವಚಿಕೊಂಡು ಏಣಿಯ ಬುಡದಲ್ಲಿ ಒಬ್ಬಳೇ ನಿಂತು ನಕ್ಕೆ.

ಬಸುರಿಯರು ಅದರ ಮೇಲೆ ಕುಳಿತು ಸೊಂಟ ಆಡಿಸಿದರೆ ಆರಾಮವಾಗುತ್ತದೆ ಎಂದು ಗೋಕಾಕದ ಆಸ್ಪತ್ರೆಯ ಲಲಿತಾ ಸಿಸ್ಟರ್ ಹೇಳಿದ್ದರು. ನಮ್ಮನೆಯವರು ಮೂಡಲಗಿಯಲ್ಲಿ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವರು. ತಾಮ್ರದ ತಂತಿ ತರಲು ಬೆಳಗಾವಿಗೆ ಹೋದಾಗ ಚೆಂಡನ್ನೂ ಕೊಂಡರು. ಅಂಗಡಿಯವನು ತೋರಿಸಲೆಂದು ಗಾಳಿ ತುಂಬಿಟ್ಟಿದ್ದ ಚೆಂಡು ಅದು. ಗಾಳಿ ಬಿಟ್ಟು ಮಡಚಿ ಚೀಲಕ್ಕೆ ಹಾಕಬಹುದು ಎಂಬುದು, ದಿನವೆಲ್ಲ ಯಂತ್ರ ಬಿಚ್ಚಿ ಕಟ್ಟುವ ಮನುಷ್ಯನಿಗೆ ಹೊಳೆಯಲೇ ಇಲ್ಲ. ಉಬ್ಬಿದ ಚೆಂಡನ್ನೇ ಅಪ್ಪಿಕೊಂಡು ಬಸ್ಸು ಹತ್ತಿದರು. ಕಂಡಕ್ಟರ್ ಚೆಂಡಿನ ಕಡೆ ಬೆರಳು ತೋರಿಸಿ, "ಕಿಡಕಿ ಬಾಜೂಕ ಇವರನ್ನ ಯಾಕ ಕುಂಡ್ರಿಸೀರಿ? ಇವರಿಗೇನ ವಾಂತಿ ಬರ್ತೈತೇನ್ರಿ?" ಎಂದನಂತೆ. ಅರಭಾವಿಯಲ್ಲಿ ಹತ್ತಿದ ತೋಟಗಾರಿಕೆ ಕಾಲೇಜಿನ ಹುಡುಗಿಯರು ಸರದಿಯಂತೆ ತೊಡೆಯ ಮೇಲಿಟ್ಟುಕೊಂಡು ಅದನ್ನು ಮೂಡಲಗಿ ಮುಟ್ಟಿಸಿದರಂತೆ. ಮನೆಗೆ ಬಂದಾಗ ಕಟ್ಟೆಯ ಮೇಲಿದ್ದ ಮಾವನವರು ಮಗನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ಕೂಸು ಹುಟ್ಟೂಕಿಂತ ಮೊದ್ಲ ಚೆಂಡ ತಂದೀಯಲ್ಲೊ. ನಾಳೆ ಅದು ಬ್ಯಾಟ ಕೇಳಿದ್ರ ಏನ ಮಾಡ್ತಿ?"

ಚೆಂಡಿನ ಮಾತು ಅಲ್ಲಿಗೆ ಬಿಡಿ. ನಾನು ಹೇಳಹೊರಟದ್ದು ಬೇರೆಯೇ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಹೆದರಿಕೆಯ ಬಗ್ಗೆ ಹೇಳಬೇಕು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಕಡೆ ರವಿಕೆಗೂ ಕುಬಸ ಎನ್ನುತ್ತಾರೆ, ಬಸುರಿಗೆ ಹಸಿರು ಸೀರೆ ಉಡಿಸಿ ಮಾಡುವ ಸೀಮಂತಕ್ಕೂ ಕುಬಸ ಎನ್ನುತ್ತಾರೆ. ಹೀಗಾಗಿ ಮೂಡಲಗಿಯ ಅರ್ಧ ಬಸುರಿಯರು ನನ್ನ ಮಿಷನ್ನಿನ ಮುಂದೆ ಹಾದೇ ಹೋಗಬೇಕು. ಜೊತೆಗೆ ಅವರ ತಾಯಿ, ಅತ್ತೆ, ಚಿಕ್ಕಮ್ಮ ಎಲ್ಲರೂ ಬರುತ್ತಾರೆ. ಅಳತೆ ಟೇಪು ಹಿಡಿದವಳು ಎದ್ದು ಓಡುವ ಹಾಗಿಲ್ಲ. ಹಸಿರು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ನಾನು ಕೇಳಿದ ಹೆರಿಗೆಯ ಕಥೆಗಳಿಗೆ ಲೆಕ್ಕವಿಲ್ಲ. ಯಾವ ಕಥೆಯಲ್ಲೂ ಕೂಸು ಸುಮ್ಮನೆ ಹುಟ್ಟುತ್ತಿರಲಿಲ್ಲ. ಒಂದು ಅಡ್ಡ ಬರುತ್ತಿತ್ತು, ಒಂದರ ಕೊರಳಿಗೆ ಕರುಳಬಳ್ಳಿ ಸುತ್ತಿರುತ್ತಿತ್ತು, ಇನ್ನೊಂದರಲ್ಲಿ ದೀಪ ಹೋಗಿ ಡಾಕ್ಟರು ಸಿಗದೆ ತಾಯಿ ಸತ್ತು ಬದುಕಿರುತ್ತಿದ್ದಳು. ಹೇಳುವವರಿಗೆ ಕೆಟ್ಟ ಮನಸ್ಸೇನೂ ಇಲ್ಲ. ಗಂಡಸರು ಕುಸ್ತಿಯ ಕಥೆ ಹೇಳುವುದಿಲ್ಲವೇ, ಹಾಗೆ ಇವರು ತಾವು ಗೆದ್ದ ಕುಸ್ತಿಯ ಕಥೆ ಹೇಳುತ್ತಿದ್ದರು. ಕೇಳುವ ಬಸುರಿಯ ಮುಖ ಮಾತ್ರ ಕುಬಸದ ಬಟ್ಟೆಯಷ್ಟೇ ಹಸಿರಾಗುತ್ತಿತ್ತು.

ಈ ಕಲೆಯಲ್ಲಿ ನಮ್ಮತ್ತೆ ಬಾಳವ್ವನಿಗೆ ಸರಿಸಾಟಿ ಇರಲಿಲ್ಲ. ಐದು ಹಡೆದವರು. ಒಂದೊಂದು ಹೆರಿಗೆಗೂ ಒಂದೊಂದು ಕಥೆ, ಪ್ರತಿ ಕಥೆಗೂ ಬೇರೆ ದನಿ. ಹೇಳುತ್ತ ಹೇಳುತ್ತ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನಿಂತು ಬೇನೆ ತಿಂದು ತೋರಿಸುವರು. ಓಣಿಯ ನಾಯಿಯೂ ಒಮ್ಮೆ ನಿಂತು ನೋಡಿ ಹೋಗುತ್ತಿತ್ತು.

ಸಣ್ಣವಳಿದ್ದಾಗ ನನಗೆ ಹೆರಿಗೆ ಎಂದರೆ ಮುಚ್ಚಿದ ಬಾಗಿಲು ಅಷ್ಟೇ. ನನ್ನ ತವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಪಕ್ಕದ ಮನೆಯ ಕಾಕೂಗೆ ಬೇನೆ ಬಂದ ದಿನ ಓಣಿಯ ಹೆಂಗಸರೆಲ್ಲ ಒಳಗೆ, ಮಕ್ಕಳೆಲ್ಲ ಹೊರಗೆ. ಒಳಗಿಂದ ಒದರುವ ಸದ್ದು. ಬಹಳ ಹೊತ್ತಿನ ಮೇಲೆ ಕೂಸಿನ ಅಳು. ಕೂಸುಗಳನ್ನು ಒದರಿ ಕರೆಯುತ್ತಾರೆ, ಸರಿಯಾಗಿ ಒದರಿದರೆ ಬರುತ್ತವೆ ಎಂದು ನಾನೂ ನನ್ನ ಗೆಳತಿಯೂ ತೀರ್ಮಾನ ಮಾಡಿ, ನಮ್ಮ ಗೊಂಬೆಗಳಿಗಾಗಿ ಒಂದು ಮಧ್ಯಾಹ್ನ ಗಂಟಲು ಹರಿಯುವಂತೆ ಒದರಿದ್ದೆವು. ಅಜ್ಜಿ ಪೊರಕೆ ಹಿಡಿದು ಬಂದಳು. ಗೊಂಬೆಗಳಿಗೆ ಕೂಸು ಬರಲಿಲ್ಲ.

ಅದೇ ವರ್ಷ ನಮ್ಮ ಎಮ್ಮೆ ಈದಿತು. ಬೆಳಗಿನ ಹೊತ್ತು, ಹಾಲಿನ ಗಿಂಡಿ ಹಿಡಿದು ದನದ ಕೊಟ್ಟಿಗೆಗೆ ಹೋದರೆ ಅಪ್ಪ ಬಾಗಿಲಲ್ಲಿ ಕೈ ಅಡ್ಡ ಹಿಡಿದು ಕುಳಿತಿದ್ದ. "ಗದ್ದಲ ಮಾಡಬ್ಯಾಡ. ಅದು ತನ್ನ ಕೆಲಸ ತಾ ಮಾಡಾಕತ್ತೈತಿ" ಎಂದ. ಅವ್ವನಿಗೆ ಪಾತ್ರೆ ಸಪ್ಪಳ ಮಾಡಬೇಡ ಎಂದು ಹೇಳಿ ಕಳಿಸಿದ. ಎಮ್ಮೆ ಒಮ್ಮೆ ಎದ್ದಿತು, ಒಮ್ಮೆ ಮಲಗಿತು, ಗೋಡೆ ಕಡೆ ಮುಖ ಮಾಡಿ ಉಸಿರು ಬಿಟ್ಟಿತು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಎಮ್ಮೆಗೆ ಅಷ್ಟು ನೆಮ್ಮದಿ ಕೊಡಲು ಗೊತ್ತಿದ್ದ ನಮ್ಮೂರಿಗೆ ಹೆಣ್ಣುಮಕ್ಕಳಿಗೆ ಕೊಡಲು ಯಾಕೆ ಗೊತ್ತಿರಲಿಲ್ಲವೋ ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು ಗಿಣ್ಣದ ಹಾಲು ಯಾವಾಗ ಕೊಡುತ್ತಾರೆ ಎಂದಷ್ಟೇ.

ನನ್ನ ಮೊದಲ ಹೆರಿಗೆ ಆದದ್ದು ಎಲ್ಲಿ ಎಂದು ಹೇಳುವುದಿಲ್ಲ. ಅವ್ವನನ್ನು ಬಾಗಿಲಲ್ಲೇ ತಡೆದರು. ಒಳಗೆ ಎತ್ತರದ ಮೇಜಿನ ಮೇಲೆ ನಾನೊಬ್ಬಳೇ. ಯಾರೋ ಬರುತ್ತಿದ್ದರು, ಏನೋ ಮಾಡುತ್ತಿದ್ದರು, ಏನು ಎಂದು ಹೇಳುತ್ತಿರಲಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಕತ್ತರಿ ಬೀಳುವ ಸದ್ದು ಬರುತ್ತಿತ್ತು. ನೋವಿಗೆ ಅತ್ತರೆ ಒಬ್ಬಾಕೆ, "ಮೊದಲ ಗೊತ್ತಾಗಲಿಲ್ಲೇನ? ಈಗ್ಯಾಕ ಒದರ್ತಿ?" ಎಂದಳು. ಮಗ ಸಮರ್ಥ ಚೆನ್ನಾಗಿಯೇ ಹುಟ್ಟಿದ. ಎಲ್ಲರೂ ಪೇಢೆ ಹಂಚಿದರು. ನನಗೆ ಮಾತ್ರ ಎಷ್ಟೋ ತಿಂಗಳು ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಅಂಗೈ ಬೆವರುತ್ತಿತ್ತು. ಯಾರಿಗೆ ಹೇಳುವುದು? ಕೂಸು ಆರಾಮಿದೆ, ನೀನು ಆರಾಮಿದ್ದೀ, ಮತ್ತೇನು ಎನ್ನುತ್ತಾರೆ. ಎರಡನೆಯದು ಬೇಡ ಎಂದು ನಮ್ಮನೆಯವರ ಮುಂದೆ ಖಡಾಖಂಡಿತ ಹೇಳಿಬಿಟ್ಟೆ. ಅವರು ಯಾಕೆ ಎಂದು ಕೇಳಲಿಲ್ಲ. ಕೇಳದೆಯೂ ತಿಳಿದುಕೊಂಡ ಒಂದೇ ವಿಷಯ ಅದು.

ಸಮರ್ಥ ಶಾಲೆಗೆ ಹೋಗತೊಡಗಿದ ಮೇಲೆ, ಬೇಡ ಎಂದುಕೊಂಡದ್ದು ಬಂತು. ಬಂದ ಮೇಲೆ ಬೇಕೆನಿಸಿತು. ಮನಸ್ಸು ಹೀಗೂ ಇರುತ್ತದೆ. ಆದರೆ ಹೊಟ್ಟೆ ಬೆಳೆದಂತೆ ಹೆದರಿಕೆಯೂ ಬೆಳೆಯಿತು. ಗೋಕಾಕದ ಡಾಕ್ಟರ್ ಮುಂದೆ ಕುಳಿತು, "ನನಗ ಸೀದಾ ಆಪರೇಶನ್ ಮಾಡಿಬಿಡ್ರಿ" ಎಂದೆ.

ಡಾಕ್ಟರ್ ವಯಸ್ಸಾದ ಹೆಂಗಸು. ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. "ಆಪರೇಶನ್ ಬೇಕಾದ ಹೊತ್ತಿನ್ಯಾಗ ನಾನ ಹೇಳ್ತೇನಿ. ಈಗ ಎಲ್ಲಾ ಸರಿ ಐತಿ. ಮೊದ್ಲ ಲಲಿತಾ ಸಿಸ್ಟರ್ ಕಡೆ ಹೋಗಿ ಮಾತಾಡು. ಆಮ್ಯಾಲೂ ನಿನಗ ಹಂಗ ಅನಿಸಿದ್ರ ಕೂತು ಮಾತಾಡೂಣು."

ಲಲಿತಾ ಸಿಸ್ಟರ್ ಶನಿವಾರಕ್ಕೊಮ್ಮೆ ಬಸುರಿಯರನ್ನು ಚಾಪೆಯ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದರು. ಉಸಿರು ಹೇಗೆ ಬಿಡಬೇಕು, ಬೇನೆ ಬಂದಾಗ ಹೇಗೆ ನಿಲ್ಲಬೇಕು, ಯಾವಾಗ ತಡಮಾಡದೆ ಆಸ್ಪತ್ರೆಗೆ ಬರಬೇಕು ಎಲ್ಲವನ್ನೂ ತೋರಿಸುವರು. ಮೊದಲ ದಿನ ನನ್ನನ್ನು ಕೇಳಿದರು: "ಯಾವುದಕ್ಕ ಹೆದರ್ತೀರಿ ಸುಜಾತಾ? ನೋವಿಗೇನು?"

ಹೌದು ಎನ್ನಲು ಬಾಯಿ ತೆರೆದೆ. ಬೇರೆಯೇ ಮಾತು ಬಂತು. "ಇಲ್ರಿ. ಒಬ್ಬಾಕಿನ ಇರೂದಕ್ಕ."

ಸಿಸ್ಟರ್ ನನ್ನನ್ನು ಎಬ್ಬಿಸಿ ಹೆರಿಗೆ ಕೋಣೆಗೆ ಕರೆದೊಯ್ದರು. ಅದು ಖಾಲಿ ಇತ್ತು. ಕಿಟಕಿಗೆ ಹಸಿರು ಪರದೆ, ಒಂದು ಮಂಚ, ಗೋಡೆಗೆ ಹಿಡಿಕೆ. ಸ್ಟೀಲಿನ ತಟ್ಟೆಯೂ ಇತ್ತು. ಸಿಸ್ಟರ್ ಅದನ್ನು ನನ್ನ ಕೈಗೆ ಕೊಟ್ಟರು. ಅದರೊಳಗಿನ ಒಂದೊಂದೇ ಸಾಮಾನು ಎತ್ತಿ ಇದು ಇದಕ್ಕೆ, ಅದು ಅದಕ್ಕೆ ಎಂದು ತಿಳಿಸಿದರು. ಹೊಲಿಗೆಯವಳಿಗೆ ಕತ್ತರಿ, ದಾರ, ಸೂಜಿ ಹೊಸದೇನಲ್ಲ. ಅದು ಬರೇ ತಟ್ಟೆ ಎಂದು ನನಗೆ ಅಂದು ಗೊತ್ತಾಯಿತು. "ಇಲ್ಲಿ ನಿಮ್ಮ ಸಂಗಾಟ ಒಬ್ಬರು ಇರಬಹುದು. ಯಾರನ್ನ ಕರಕೊಂಡ ಬರ್ತೀರಿ ವಿಚಾರ ಮಾಡ್ರಿ" ಎಂದರು.

ಅವ್ವ ಆಗುವುದಿಲ್ಲ. ನಾನು ಸೀನಿದರೂ ಅವಳ ಕಣ್ಣಲ್ಲಿ ನೀರು. ನಮ್ಮನೆಯವರು ಮೋಟಾರಿನೊಳಗೆ ಕೈ ಹಾಕುವ ಧೈರ್ಯವಂತರು, ಆದರೆ ಬೆರಳಿಗೆ ತಂತಿ ಗೀರಿ ನೆತ್ತರು ಬಂದರೆ ಗೋಡೆ ಹಿಡಿದು ಕೂರುತ್ತಾರೆ. ಉಳಿದವರು ಒಬ್ಬರೇ. ಬಾಳವ್ವ.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನಂಬಿ. ಬೇನೆ ತಿನ್ನುವಾಗ ಪಕ್ಕದಲ್ಲಿ ನಿಂತು ಅತ್ತೆ ಐದೂ ಕಥೆಗಳನ್ನು ಮೊದಲಿಂದ ಶುರು ಮಾಡಿದರೆ? ಬೆಳಿಗ್ಗೆ ಅವರು ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ಕುಳಿತೆ. "ಅತ್ತೀ, ಶನಿವಾರ ನನ್ನ ಜೋಡಿ ಗೋಕಾವಿಗೆ ಬರ್ತೀರಿ? ಹಡಿಯೂದು ಹೆಂಗ ಅಂತ ಹೇಳಿ ಕೊಡ್ತಾರು."

ರೊಟ್ಟಿ ಬಡಿಯುವ ಕೈ ನಿಂತಿತು. "ಐದ ಹಡದಾಕಿಗೆ ಹಡಿಯೂದ ಕಲಿಸ್ತಾರ? ಯಾರದು, ಎಷ್ಟ ಹಡದಾಳು ಆಕಿ?" ಎಂದರು. ಆದರೆ ಗೋಕಾಕಿಗೆ ಹೋಗುವ ಅವಕಾಶವನ್ನು ಬಿಡುವವರಲ್ಲ. ಶನಿವಾರ ನನಗಿಂತ ಮೊದಲೇ ಇಳಕಲ್ ಸೀರೆಯುಟ್ಟು ಕರದಂಟು ತರಲು ಖಾಲಿ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು.

ಪಾಠದ ಚಾಪೆಯ ಮೇಲೆ ನಾನು ಹೆದರಿದ್ದೇ ಆಯಿತು. ಹಿರಿಯರು ಏನಾದರೂ ಹೇಳ್ತೀರಾ ಎಂದು ಸಿಸ್ಟರ್ ಕೇಳಿದ್ದೇ ತಡ, ಅತ್ತೆ ಎದ್ದು ನಿಂತು ಸೆರಗು ಸಿಕ್ಕಿಸಿ ಎರಡನೆಯ ಹೆರಿಗೆಯ ಕಥೆ ಎತ್ತಿಕೊಂಡರು. ಅದು ಹೊಲದಲ್ಲಿ ಶೇಂಗಾ ಕೀಳುವಾಗ ಬೇನೆ ಬಂದ ಕಥೆ. ಕಿಟಕಿಯ ಕಂಬಿ ಹಿಡಿದು ಬಗ್ಗಿ ತೋರಿಸಿದರು. ಸುತ್ತ ಕುಳಿತ ಬಸುರಿಯರು ಕಣ್ಣು ಪಿಳಿಪಿಳಿ ಬಿಟ್ಟರು. ಒಬ್ಬಳು ಚಾಪೆ ಬಿಟ್ಟು ಎದ್ದೇಬಿಟ್ಟಳು. ನನಗೆ ನೆಲ ಬಾಯಿ ಬಿಡಬಾರದೆ ಎನಿಸಿತು.

ಸಿಸ್ಟರ್ ತಡೆಯಲಿಲ್ಲ. ಕಥೆ ಮುಗಿಯುವವರೆಗೆ ಕೇಳಿ, ಸಾವಕಾಶವಾಗಿ ಅಂದರು: "ಭಾಳ ಗಟ್ಟಿ ಅದೀರಿ ಅವ್ವಾರ. ಒಂದ ಕೇಳ್ತೇನಿ. ಆವಾಗ ಅಲ್ಲಿ ಯಾರರ ಇದ್ದಿದ್ರ, ಅವರು ನಿಮಗ ಏನ ಅಂದಿದ್ರ ಚೊಲೊ ಅನಸ್ತಿತ್ತು?"

ಅತ್ತೆ ಕಂಬಿ ಹಿಡಿದೇ ನಿಂತಿದ್ದರು. ಇಷ್ಟು ವರ್ಷ ಕಥೆ ಹೇಳಿದವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಕುಳಿತುಕೊಂಡು, ಯಾರ ಮುಖವನ್ನೂ ನೋಡದೆ, "ಏನೂ ಅನ್ನೂದ ಬ್ಯಾಡಾಗಿತ್ತ್ರಿ. ಬೆನ್ನ ಮ್ಯಾಲ ಒಂದ ಕೈ ಇಟ್ಟಿದ್ರ ಸಾಕಿತ್ತು" ಎಂದರು.

ಎದ್ದು ಹೋಗುತ್ತಿದ್ದ ಹುಡುಗಿ ವಾಪಸು ಬಂದು ಅತ್ತೆಯ ಬದಿಗೇ ಕುಳಿತಳು. ಅಂದು ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಮೂಡಲಗಿ ಮುಟ್ಟುವತನಕ ಬಾಯಿ ಬಿಚ್ಚಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಇಳಿಯುವಾಗ ಮಾತ್ರ, "ಆಕಿ ಶ್ಯಾಣ್ಯಾಕಿ ಅದಾಳ" ಎಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಪಾಠವನ್ನು ನನಗಿಂತ ಹೆಚ್ಚು ಹಚ್ಚಿಕೊಂಡವರು ಅತ್ತೆ. ಮೂಗಿನಿಂದ ಒಳಗೆ, ಬಾಯಿಂದ ಮೆಲ್ಲಗೆ ಹೊರಗೆ ಎಂದು ಸಿಸ್ಟರ್ ಹೇಳಿದ್ದು ಅವರ ಬಾಯಲ್ಲಿ "ಒಲಿ ಊದಿದಂಗ ಊದು, ಬೂದಿ ಹಾರಬಾರದು, ಕೆಂಡ ಆರಬಾರದು" ಎಂದಾಯಿತು. ಬೆಳಿಗ್ಗೆ ಸಂಜೆ ನನ್ನನ್ನು ನಡೆಸುವರು. ನಾನು ಚೆಂಡಿನ ಮೇಲೆ ಕುಳಿತರೆ ಬೆನ್ನ ಹಿಂದೆ ಕಾವಲು ನಿಲ್ಲುವರು. ನಾನು ಇಲ್ಲದಾಗ ತಾವೇ ಅದರ ಮೇಲೆ ಕುಳಿತು ಧಾರಾವಾಹಿ ನೋಡುತ್ತಿದ್ದುದನ್ನು ಸಮರ್ಥ ಬಂದು ನನಗೆ ಚಾಡಿ ಹೇಳಿದ. ಹೊಲಿಗೆಗೆ ಬಂದ ಹೆಂಗಸರು ನನ್ನ ಹೊಟ್ಟೆ ನೋಡಿ ಕಥೆ ತೆಗೆದರೆ ಬಾಗಿಲಲ್ಲೇ ತಡೆಯುವರು: "ಅಳತಿ ಕೊಟ್ಟ ಹೋಗ್ರಿ. ಕಥಿ ಬ್ಯಾಡ." ಬಾಳವ್ವನ ಬಾಯಲ್ಲಿ ಈ ಮಾತು ಕೇಳಿ ಓಣಿಯೇ ಬೆರಗಾಯಿತು. ಆಕೆಗೆ ಮೈ ನೆಟ್ಟಗಿಲ್ಲವೇನೋ ಎಂದು ಇಬ್ಬರು ನೋಡಲು ಬಂದರು.

ಬೇನೆ ಶುರುವಾದದ್ದು ಕಬ್ಬು ನುರಿಸುವ ಕಾಲದಲ್ಲಿ, ಒಂದು ಬೆಳಿಗ್ಗೆ, ರವಿಕೆಯ ಗುಂಡಿಗೆ ಕಾಜಾ ಮಾಡುತ್ತಿದ್ದಾಗ. ನಮ್ಮನೆಯವರು ಕೌಜಲಗಿಯ ಹೊಲವೊಂದರಲ್ಲಿ ಬಾವಿಯ ಮೋಟಾರು ಎತ್ತಿಸುತ್ತಿದ್ದರು. ಅತ್ತೆಗೆ ಹೇಳಿದೆ. ಅವರು ಒದರಲಿಲ್ಲ, ಓಡಲಿಲ್ಲ. ಒಲೆ ಆರಿಸಿದರು, ಚೀಲ ಹೆಗಲಿಗೆ ಹಾಕಿಕೊಂಡರು, ಮಗನಿಗೆ ಫೋನು ಹಚ್ಚಿಸಿ, "ಸಾವಕಾಶ ಬಾ. ಲಗೂನ ಬಂದು ನೀ ಮಾಡೂದೇನೂ ಇಲ್ಲ" ಎಂದರು. ಎದುರು ಮನೆಯವರ ಕಾರಿನಲ್ಲಿ ಹೊರಟೆವು.

ದಾರಿಯಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಟ್ರೇಲರು, ಎರಡರಲ್ಲೂ ಆಕಾಶ ಮುಟ್ಟುವ ಕಬ್ಬು, ಕಿವಿ ಹರಿಯುವ ಹಾಡು. ರಸ್ತೆಯನ್ನು ಪೂರಾ ತುಂಬಿಕೊಂಡು ಬಸುರಿಗಿಂತ ನಿಧಾನ ಹೋಗುತ್ತಿತ್ತು. ಹಾರ್ನು ಎಷ್ಟು ಹೊಡೆದರೂ ಹಾಡಿನಲ್ಲಿ ಕೇಳಲಿಲ್ಲ. ಅದು ರಸ್ತೆಯುಬ್ಬಿನ ಹತ್ತಿರ ಇನ್ನೂ ನಿಧಾನಿಸಿದಾಗ ಅತ್ತೆ ಕಾರಿನಿಂದ ಇಳಿದು ಬಿರಬಿರನೆ ನಡೆದು ಮುಂದೆ ಹೋಗಿ ಟ್ರ್ಯಾಕ್ಟರಿಗೆ ಅಡ್ಡ ನಿಂತರು. ಡ್ರೈವರ್ ಹಾಡು ನಿಲ್ಲಿಸಿದ. ಅವರೇನು ಹೇಳಿದರೋ ಕಾರಿನೊಳಗೆ ಕೇಳಿಸಲಿಲ್ಲ. ಅವನು ಟ್ರ್ಯಾಕ್ಟರನ್ನು ಬದಿಗೆ ಸರಿಸಿ, ನಮ್ಮ ಕಾರು ದಾಟುವಾಗ ತಲೆಯ ಟವೆಲ್ಲು ತೆಗೆದು ಕೈ ಮುಗಿದ. ಒಂದು ಬೇನೆ ಏರುತ್ತಿತ್ತು, ನಾನು ಒಲೆ ಊದುತ್ತಿದ್ದೆ, ಊದುತ್ತಲೇ ನಕ್ಕೆ. ಬೇನೆ ಬಂದಾಗ ನಗಬಹುದು ಎಂದು ಯಾವ ಕಥೆಯಲ್ಲೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಲಲಿತಾ ಸಿಸ್ಟರ್ ಇದ್ದರು. ಬೇರೊಬ್ಬ ಹೊಸ ಸಿಸ್ಟರೂ ಇದ್ದರು. ಅವರ ಮುಂದೆ ಧೈರ್ಯ ತಂದುಕೊಂಡು, "ನನಗ ಏನ ಮಾಡ್ತೀರಿ ಅದನ್ನ ಮೊದ್ಲ ಹೇಳಿ ಮಾಡ್ರಿ" ಎಂದೆ. ಅವರು, "ಹೇಳ್ತೇನಿ ಅಕ್ಕಾರ" ಎಂದರು. ಇಷ್ಟು ಸುಲಭದ ಮಾತನ್ನು ಕೇಳಲು ಇಷ್ಟು ವರ್ಷ ಬೇಕಾಯಿತು. ವರಾಂಡದಲ್ಲಿ ಅತ್ತೆಯೊಡನೆ ನಡೆದೆ. ಬೇನೆ ಬಂದಾಗ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಿದ್ದೆ, ಅತ್ತೆಯ ಕೈ ಬೆನ್ನ ಮೇಲೆ ಇರುತ್ತಿತ್ತು. ರೊಟ್ಟಿ ಬಡಿದು ದಪ್ಪಗಾದ, ಬೆಚ್ಚಗಿನ ಅಂಗೈ. ಮಾತಿಲ್ಲ.

ಕೊನೆಯ ಹೊತ್ತಿಗೆ ಒಳಗೆ ಹೋದ ಮೇಲೆ ಮಾತ್ರ ಹಿಡಿತ ನನ್ನ ಕೈತಪ್ಪಿ ಹೋಯಿತು. ಬೇನೆಗಳ ನಡುವೆ ಉಸಿರಾಡಲು ಜಾಗವೇ ಇರಲಿಲ್ಲ. ಕಲಿತದ್ದೆಲ್ಲ ಮರೆತು ಮೈ ನಡುಗತೊಡಗಿತು. "ಅತ್ತೀ, ನನಗ ಆಗಂಗಿಲ್ಲ. ನನ್ನ ಮನಿಗೆ ಕರಕೊಂಡ ಹೋಗ್ರಿ" ಎಂದೆ. ನಿಜವಾಗಿಯೂ ಎದ್ದು ಹೋಗಲು ಕಾಲು ಇಳಿಸಿದೆ.

ಆಗಂಗಿಲ್ಲ ಅನಬ್ಯಾಡ ಎಂದು ಅತ್ತೆ ಹೇಳಲಿಲ್ಲ. ನಾವೆಲ್ಲ ಹಡೆದಿಲ್ಲವೇ ಎಂದೂ ಹೇಳಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಹೋಗೂಣು ನಡಿ. ಇದೊಂದ ಊದು, ಆಮ್ಯಾಲ ಹೋಗೂಣು" ಎಂದರು. ಅದೊಂದು ಊದಿದೆ. "ಇನ್ನೊಂದ ಊದು." ಇನ್ನೊಂದು ಊದಿದೆ. ಅವರೂ ನನ್ನ ಜೊತೆ ಊದುತ್ತಿದ್ದರು, ಅವರ ಕಣ್ಣು ನನ್ನ ಕಣ್ಣಿನಿಂದ ಆಚೀಚೆ ಹೋಗಲಿಲ್ಲ. ಮನೆ ಮರೆತುಹೋಯಿತು. ಲಲಿತಾ ಸಿಸ್ಟರ್, "ತಲಿ ಕಾಣಸ್ತೈತಿ ಸುಜಾತಾ, ಕೈ ಹಚ್ಚಿ ನೋಡ್ರಿ" ಎಂದರು. ಕೈ ಇಟ್ಟೆ. ಒದ್ದೆ ಕೂದಲು. ನನ್ನೊಳಗಿಂದ ಎಮ್ಮೆಯ ಉಸಿರಿನಂಥದೊಂದು ದೊಡ್ಡ ಉಸಿರು ಬಂತು, ಮೈಯೇ ಎಲ್ಲವನ್ನೂ ಮಾಡಿತು, ನಾನು ಅದಕ್ಕೆ ಅಡ್ಡ ಬರಲಿಲ್ಲ. ಬಿಸಿ ಬಿಸಿಯಾದ ಜಾರುವ ಜೀವವೊಂದನ್ನು ಸಿಸ್ಟರ್ ನನ್ನ ಎದೆಯ ಮೇಲೆ ಇಟ್ಟರು. ಅದು ಒಮ್ಮೆ ಅತ್ತು, ನನ್ನ ದನಿ ಕೇಳಿ ಸುಮ್ಮನಾಗಿ, ಕಣ್ಣು ಬಿಟ್ಟು ನೋಡಿತು.

"ಹೆಣ್ಣು" ಎಂದರು ಸಿಸ್ಟರ್.

"ಬಂದಳು" ಎಂದರು ಅತ್ತೆ. ನನಗೆ ಅಳು ಬರಲಿಲ್ಲ. ಕುಸ್ತಿ ಗೆದ್ದವರು ತೊಡೆ ತಟ್ಟುತ್ತಾರಲ್ಲ, ಹಾಗೆ ತಟ್ಟಬೇಕೆನಿಸಿತು. ಕೈ ಖಾಲಿ ಇರಲಿಲ್ಲ.

ಸಂಜೆ ವಾರ್ಡಿನಲ್ಲಿ ನಮ್ಮನೆಯವರು ಕೈಗೆ ಹತ್ತಿದ ಗ್ರೀಸಿನೊಂದಿಗೇ ಬಂದು, ಮಗಳನ್ನು ಮುಟ್ಟಲು ಹೆದರಿ ದೂರ ನಿಂತು ನೋಡುತ್ತಿದ್ದರು. ಅತ್ತೆ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಆಗಷ್ಟೇ ಒಂದು ಗುಟುಕು ಹೀರಿದ್ದರು. ಬಾಗಿಲ ಹತ್ತಿರದ ಮಂಚಕ್ಕೆ ಎಳೆಯ ಹುಡುಗಿಯೊಬ್ಬಳನ್ನು ಕರೆತಂದರು. ಚೊಚ್ಚಲು. ಕೌಜಲಗಿಯವರಂತೆ. ಅವಳ ಜೊತೆ ಬಂದ ತಾಯಿ ನೆಲದ ಮೇಲೆ ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ತಾಯಿ ಅಳುವುದನ್ನು ಕಂಡು ಮಗಳಿಗೆ ಜೀವವೇ ಹೋದಂತಾಗಿತ್ತು. ನನ್ನ ಮಡಿಲಿನ ಕೂಸನ್ನು ನೋಡಿ ಅವಳು ಕೇಳಿದಳು:

"ಅಕ್ಕಾ, ಭಾಳ ತ್ರಾಸ ಆಗತೈತೇನ್ರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ತ್ರಾಸ ಆಗತೈತಿ ತಂಗಿ. ನನಗೂ ಆತು. ಆದ್ರ ನಾ ಒಬ್ಬಾಕಿನ ಇರಲಿಲ್ಲ, ಹೆದರಿಕಿ ಆಗಲಿಲ್ಲ. ಎರಡೂ ಬ್ಯಾರೆ ಬ್ಯಾರೆ ಅದಾವು, ಇವತ್ತ ನೋಡಿದೆ."

ಅಷ್ಟರಲ್ಲಿ ಅವಳಿಗೆ ಬೇನೆ ಬಂತು. ಮಂಚದ ಕಂಬಿ ಹಿಡಿದು ಬಗ್ಗಿದಳು. ಸಿಸ್ಟರ್ ಬಾಗಿಲಲ್ಲಿ ನಿಂತು ಇವಳ ಸಂಗಾಟ ಒಳಗೆ ಯಾರು ಬರುತ್ತೀರಿ ಎಂದು ಕೇಳಿದರೆ ತಾಯಿಯ ಅಳು ಇನ್ನೂ ಜೋರಾಯಿತು.

ಅತ್ತೆ ಚಹಾದ ಬಸಿಯನ್ನು ಮಗನ ಗ್ರೀಸಿನ ಕೈಗೆ ಕೊಟ್ಟರು. ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ಆ ಹುಡುಗಿಯ ಬೆನ್ನ ಮೇಲೆ ಅಂಗೈ ಇಟ್ಟರು. ನೆಲದ ಮೇಲಿದ್ದ ತಾಯಿಗೆ, "ಯವ್ವಾ, ನೀ ಇಲ್ಲೇ ಕುಂತ ಎಷ್ಟ ಬೇಕ ಅಷ್ಟ ಅಳು" ಎಂದು, ಹುಡುಗಿಯನ್ನು ನಡೆಸಿಕೊಂಡು ಒಳಗೆ ಹೋದರು.